ಡ್ರಮ್ಮಿನವನ ಜೊತೆ ಮಾತಾಡದ ಐದು ನಿಮಿಷ

ನವೆಂಬರ್ ಎಂಟು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತೆ. ಹೊತ್ತು ಗೊತ್ತುಮಾಡಿಕೊಳ್ಳದೆ ಯಾವುದನ್ನೂ ಶುರುಮಾಡಲು ನನಗೆ ಬರುವುದಿಲ್ಲ. ಒಂಬತ್ತನೇ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಎಂತಹ ದಿನಚರಿ ಎಂದು ಕೇಳಬೇಡಿ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಲೆಕ್ಕ ಹೆಚ್ಚು. ಸ್ಕೂಲ್ ಬಸ್ಸು ಎಷ್ಟು ನಿಮಿಷ ತಡ, ದುಬೈಯ ಮಿರ್ದಿಫಿನ ನಮ್ಮ ಮನೆಯ ಮೇಲೆ ಎಷ್ಟು ವಿಮಾನ ಹೋದವು, ಗಣಿತದ ಮೇಷ್ಟ್ರು ಒಂದು ಪೀರಿಯಡ್ಡಿನಲ್ಲಿ ಎಷ್ಟು ಸಲ ‘ಓಕೆ’ ಅಂದರು, ಇಂಥವು. ಈಗ ಅದೇ ದುಬೈಯ ಜುಮೇರಾ ಲೇಕ್ ಟವರ್ಸಿನ ಒಂದು ಆಫೀಸಿನಲ್ಲಿ ಕೂತು, ಎತ್ತರದ ಕಟ್ಟಡಗಳ ಲಿಫ್ಟುಗಳು ಯಾವ ದಿನ ಎಷ್ಟು ಹೊತ್ತಿಗೆ ಕೈಕೊಟ್ಟವು ಎಂದು ದಾಖಲೆ ಇಡುವ ಕೆಲಸ ಮಾಡುತ್ತೇನೆ. ಹವ್ಯಾಸಕ್ಕೆ ಸಂಬಳ ಸಿಕ್ಕಿತು ಎಂದು ಅಮ್ಮ ಹೇಳುತ್ತಾಳೆ.

ಇಷ್ಟು ಪೀಠಿಕೆ ಯಾಕೆಂದರೆ, ಮೊನ್ನೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಡಿಸ್ಕ್ ಸಿಕ್ಕಿತು.

ಅಪ್ಪ ಅಮ್ಮ ಮಿರ್ದಿಫಿನ ಹಳೆಯ ವಿಲ್ಲಾ ಬಿಟ್ಟು ಅಲ್ಲೇ ಹತ್ತಿರ ಚಿಕ್ಕ ಫ್ಲಾಟಿಗೆ ಹೋಗುತ್ತಿದ್ದಾರೆ. ಕೀಲಿ ಕೊಡುವುದು ಈ ತಿಂಗಳ ಕೊನೆಗೆ. ಸ್ಟೋರ್ ರೂಮ್ ಖಾಲಿ ಮಾಡು ಎಂದು ಅಮ್ಮ ಕರೆದಿದ್ದಳು. ನಾನು ಹೋಗುವಷ್ಟರಲ್ಲಿ ಅವಳು ನನ್ನ ಹಳೆಯ ದಿನಚರಿಗಳ ಮಧ್ಯೆ ಕೂತು ಓದುತ್ತಿದ್ದಳು.

“ಎಂತ ಮಾರಾಯ ಇದು? ಯಾವ ದಿನ ಎಷ್ಟು ನೀರುದೋಸೆ ತಿಂದೆ ಅಂತ ಸಹ ಬರ್ದಿಟ್ಟಿದ್ದೀಯಲ್ಲ!”

“ಅದರಲ್ಲಿ ತಪ್ಪೆಂತ ಅಮ್ಮ?”

“ತಪ್ಪೆಂತ ಇಲ್ಲ. ಎಂಟು ತಿಂದ ದಿನ ಐದು ಅಂತ ಬರ್ದಿದ್ದಿ. ಹುಯ್ದು ಹಾಕಿದವಳಿಗೆ ಲೆಕ್ಕ ಗೊತ್ತಿರುದಿಲ್ವಾ?”

ನನ್ನ ಲೆಕ್ಕದ ಬಗ್ಗೆ ನನಗಿದ್ದ ಗೌರವಕ್ಕೆ ಬಿದ್ದ ಮೊದಲ ಏಟು ಅದು. ಎರಡನೆಯದು ಪೆಟ್ಟಿಗೆಯ ತಳದಲ್ಲಿತ್ತು. ಪ್ಲಾಸ್ಟಿಕ್ ಚೀಲದೊಳಗೆ ಒಂದು ವಿಸಿಡಿ. ಅದರ ಮೇಲೆ ನಾನೇ ಅಂಟಿಸಿದ ಬಿಳಿ ಚೀಟಿ, ಚೀಟಿಯ ಮೇಲೆ ನನ್ನದೇ ದುಂಡಗಿನ ಅಕ್ಷರ: ಮಾಫಿ ಮುಷ್ಕಿಲ್.

ಮಾಫಿ ಮುಷ್ಕಿಲ್ ಎಂದರೆ ‘ಏನೂ ತೊಂದರೆ ಇಲ್ಲ’. ಇಲ್ಲಿ ಟ್ಯಾಕ್ಸಿಯವರಿಂದ ಹಿಡಿದು ತರಕಾರಿ ಅಂಗಡಿಯವರ ತನಕ ಎಲ್ಲರೂ ದಿನಕ್ಕೆ ಹತ್ತು ಸಲ ಹೇಳುವ ಮಾತು. ಅದು ನಮ್ಮ ಬ್ಯಾಂಡಿನ ಹೆಸರಾಗಿತ್ತು. ಹದಿನೈದು ವರ್ಷದ ಹಿಂದಿನ ಮಾತು. ನಮಗೆಲ್ಲ ಆಗ ಹದಿನಾಲ್ಕು. ಹಾಡುವವಳು ಲವೀಟಾ, ಮಂಗಳೂರು ಕಡೆಯ ಕೊಂಕಣಿಯವಳು. ಗಿಟಾರ್ ದೀಕ್ಷಿತ್, ಕಾರ್ಕಳದವರ ಮಗ. ಡ್ರಮ್ಮು ಅಶ್ಫಾಕ್, ಉಳ್ಳಾಲದ ಬ್ಯಾರಿ ಮನೆಯ ಹುಡುಗ. ಕೀಬೋರ್ಡು ನಾನು. ಕೀಬೋರ್ಡು ನುಡಿಸಲು ನನಗೆ ಬರುತ್ತಿರಲಿಲ್ಲ. ಆದರೆ ನಾಲ್ವರಲ್ಲಿ ಕೀಬೋರ್ಡು ಇದ್ದದ್ದು ನನ್ನ ಮನೆಯಲ್ಲಿ, ಅಭ್ಯಾಸ ನಡೆಯುತ್ತಿದ್ದದ್ದು ನಮ್ಮ ವಿಲ್ಲಾದ ಕಾರ್ ಶೆಡ್ಡಿನಲ್ಲಿ, ಹಾಜರಿ ಪುಸ್ತಕ ನನ್ನ ಕೈಯಲ್ಲಿ. ಹಾಗಾಗಿ ಯಾರೂ ನನ್ನನ್ನು ತೆಗೆದುಹಾಕುವಂತಿರಲಿಲ್ಲ. ನನ್ನ ಹೆಸರು ಸುಹಾಸ. ಅವರು ಕರೆಯುತ್ತಿದ್ದದ್ದು ‘ರಿಜಿಸ್ಟರ್’.

ಡಿಸ್ಕ್ ನಮ್ಮ ಕೈಗೆ ಬಂದ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಮುಂದಿನ ಎಲ್ಲ ಎಡವಟ್ಟಿನ ಬೇರು ಅಲ್ಲೇ ಇದೆ. ಈ ಊರಿನಲ್ಲಿ ಜನ ಬರುವುದು ಒಂದು ಸೂಟ್‌ಕೇಸ್ ಹಿಡಿದು, ಹೋಗುವುದೂ ಹೆಚ್ಚುಕಡಿಮೆ ಹಾಗೆಯೇ. ನಡುವೆ ಕೂಡಿದ ಸೋಫಾ, ಫ್ರಿಜ್ಜು, ಮಕ್ಕಳ ಸೈಕಲ್ಲು ಎಲ್ಲವನ್ನೂ ಕೊನೆಯ ವಾರದಲ್ಲಿ ಮಾರಬೇಕು ಇಲ್ಲವೇ ಹಂಚಬೇಕು. ಸೂಪರ್ ಮಾರ್ಕೆಟ್ಟಿನ ಬೋರ್ಡಿನಲ್ಲಿ ‘ದೇಶ ಬಿಡುತ್ತಿದ್ದೇವೆ’ ಎಂಬ ಚೀಟಿ ಕಂಡರೆ ಅರ್ಧ ಬೀದಿ ಹೋಗಿ ನೋಡಿ ಬರುತ್ತದೆ. ಪಕ್ಕದ ವಿಲ್ಲಾದಲ್ಲಿದ್ದ ಒಂದು ಕುಟುಂಬ ಹಾಗೆ ಹೊರಡುವಾಗ, ಮಾರಾಟವಾಗದೆ ಉಳಿದ ಒಂದು ಪೆಟ್ಟಿಗೆ ಡಿಸ್ಕುಗಳನ್ನು ನಮ್ಮ ಗೇಟಿನ ಹತ್ತಿರ ಇಟ್ಟು, “ಬೇಕಾದರೆ ಇಟ್ಟುಕೊಳ್ಳಿ ಮಕ್ಕಳೇ” ಎಂದು ಹೋದರು. ಒಟ್ಟು ಇಪ್ಪತ್ತೆಂಟು. ಒಂದಕ್ಕೂ ಸರಿಯಾದ ಕವರಿಲ್ಲ.

ಹಂಚುವ ಕೆಲಸ ನನ್ನದು. ಯಾರಿಗೂ ಅನ್ಯಾಯವಾಗಬಾರದು ಎಂದು ಪೆಟ್ಟಿಗೆಯಲ್ಲಿದ್ದ ಸಾಲಿನಲ್ಲೇ ನಂಬರು ಹಾಕಿ, ಇಸ್ಪೀಟು ಹಂಚಿದಂತೆ ಹಂಚಿದೆ. ಲವೀಟಾಗೆ ಒಂದು, ದೀಕ್ಷಿತನಿಗೆ ಒಂದು, ಅಶ್ಫಾಕನಿಗೆ ಒಂದು, ನನಗೆ ಒಂದು, ಮತ್ತೆ ಲವೀಟಾಗೆ. ತಲೆಗೆ ಏಳು. ಇದಕ್ಕಿಂತ ನ್ಯಾಯವಾದ ಹಂಚಿಕೆಯನ್ನು ಯಾರಾದರೂ ಮಾಡಿದ್ದರೆ ತೋರಿಸಲಿ ಎಂದು ಅಂದು ಬರೆದುಕೊಂಡಿದ್ದೇನೆ.

ನನ್ನ ಪಾಲಿಗೆ ಬಂದ ಹನ್ನೆರಡನೇ ಡಿಸ್ಕ್ ಹಾಕಿದಾಗ ಚೀನೀ ಮುಖಗಳು, ಚೀನೀ ಅಕ್ಷರಗಳು, ಒಂದು ಎತ್ತರದ ಕಟ್ಟಡದ ತಾರಸಿ, ಅಲ್ಲೊಂದು ನೀಲಿ ನೀರಿನ ಟ್ಯಾಂಕಿ. ಎಡಗಡೆಯ ಸ್ಪೀಕರಿನಲ್ಲಿ ಒಂದು ಭಾಷೆ, ಬಲಗಡೆಯದರಲ್ಲಿ ಇನ್ನೊಂದು, ಎರಡೂ ಒಟ್ಟಿಗೆ. ದೀಕ್ಷಿತ್ ಎಡಗಡೆಯ ವಯರು ಕಿತ್ತ ಮೇಲೆ ಒಂದೇ ಉಳಿಯಿತು. ಅದು ಹಾಂಗ್‌ಕಾಂಗಿನವರ ಕ್ಯಾಂಟನೀಸ್ ಎಂದು ನನಗೆ ತಿಳಿದದ್ದು ಮೊನ್ನೆ. ಆಗ ಅದು ನಮಗೆ ‘ಆ ಭಾಷೆ’. ಒಂದು ಮಾತೂ ಅರ್ಥವಾಗದಿದ್ದರೂ ಐದು ನಿಮಿಷದಲ್ಲಿ ನಮಗೆ ಗೊತ್ತಾಯಿತು: ಇದು ನಮ್ಮದೇ ಚಿತ್ರ. ತೆರೆಯ ಮೇಲೆ ನಮಗಿಂತ ನಾಲ್ಕೈದು ವರ್ಷ ದೊಡ್ಡವರಾದ ನಾಲ್ವರು. ಒಬ್ಬಳು ಹಾಡುತ್ತಾಳೆ, ಒಬ್ಬ ಎಡಗೈಯಲ್ಲಿ ಗಿಟಾರು ನುಡಿಸುತ್ತಾನೆ, ಒಬ್ಬ ಕೀಬೋರ್ಡಿನ ಹಿಂದೆ ಸುಮ್ಮನೆ ನಿಲ್ಲುತ್ತಾನೆ, ಒಬ್ಬ ಡ್ರಮ್ಮು ಬಾರಿಸುತ್ತಾನೆ. ತಾರಸಿಯ ಮೇಲೆ ಒಗೆದ ಬಟ್ಟೆಗಳ ನಡುವೆ ಅಭ್ಯಾಸ. ಕೆಳಗಿನ ಮನೆಯ ಮುದುಕಿ ಪೊರಕೆಯ ಕೋಲಿನಿಂದ ಮಾಡಿಗೆ ಕುಟ್ಟುತ್ತಾಳೆ. ಅವರು ನಗುತ್ತಾರೆ, ಬಟ್ಟಲಲ್ಲಿ ನೂಡಲ್ಸ್ ತಿನ್ನುತ್ತಾರೆ, ಒಂದು ದೊಡ್ಡ ಸ್ಪರ್ಧೆಯ ಕನಸು ಕಾಣುತ್ತಾರೆ. ಆ ಡಿಸ್ಕನ್ನು ನಾವು ಇಪ್ಪತ್ತಮೂರು ಸಲ ನೋಡಿದ್ದೇವೆ. ಈ ಲೆಕ್ಕ ನಂಬಬಹುದು, ಇದರಲ್ಲಿ ದೋಸೆ ಇಲ್ಲ.

ಕೊನೆಯನ್ನು ಮಾತ್ರ ಒಮ್ಮೆಯೂ ನೋಡಲಾಗಲಿಲ್ಲ. ನಲವತ್ತೊಂದನೇ ನಿಮಿಷದಲ್ಲಿ ಒಂದು ಗೀರು. ಸ್ಪರ್ಧೆಯ ವೇದಿಕೆ, ಕತ್ತಲಲ್ಲಿ ಜನ, ಡ್ರಮ್ಮಿನವನು ಎರಡು ಕೋಲು ಮೇಲೆತ್ತುತ್ತಾನೆ, ಅಲ್ಲಿಗೆ ಚಿತ್ರ ಕಲ್ಲಾಗುತ್ತದೆ. ಹಲ್ಲುಜ್ಜುವ ಪೇಸ್ಟು ಸವರಿದೆವು, ಬಾಳೆಹಣ್ಣಿನ ಸಿಪ್ಪೆಯಿಂದ ಉಜ್ಜಿದೆವು. ಕೋಲು ಇಳಿಯಲಿಲ್ಲ. ಅವರು ಗೆಲ್ಲುತ್ತಾರೆ ಎಂದು ದೀಕ್ಷಿತ್. ಸೋತು ಮತ್ತೆ ನೂಡಲ್ಸ್ ತಿನ್ನುತ್ತಾರೆ ಎಂದು ಲವೀಟಾ. ಕೋಲು ಕೈಜಾರಿ ಬೀಳುತ್ತದೆ ಎಂದು ಅಶ್ಫಾಕ್, ತನ್ನ ಅನುಭವದಿಂದ. ನಾನು ಏನೂ ಹೇಳಲಿಲ್ಲ. ನೋಡದ್ದನ್ನು ಬರೆಯುವುದು ನನ್ನ ಪದ್ಧತಿಯಲ್ಲ.

ಈಗ ಮುಖ್ಯ ವಿಷಯ. ಡಿಸ್ಕ್ ಶುರುವಾಗುತ್ತಲೇ ಒಂದು ದೃಶ್ಯವಿದೆ. ತಾರಸಿಯಲ್ಲಿ ಮೂವರು ಕೂತಿದ್ದಾರೆ. ಡ್ರಮ್ಮಿನವನು ಮೆಟ್ಟಿಲು ಹತ್ತಿ ಬರುತ್ತಾನೆ. ಯಾರೂ ಮಾತಾಡುವುದಿಲ್ಲ, ಯಾರೂ ಅವನ ಕಡೆ ನೋಡುವುದೂ ಇಲ್ಲ. ಅವನು ಮೆಲ್ಲಗೆ ಹೋಗಿ ಡ್ರಮ್ಮಿನ ಹಿಂದೆ ಕೂರುತ್ತಾನೆ. ಒಬ್ಬ ಕೈಗಡಿಯಾರ ನೋಡುತ್ತಾನೆ. ಗಾಳಿಗೆ ಬಟ್ಟೆ ಹಾರುತ್ತದೆ. ಬಹಳ ಹೊತ್ತಿನ ಮೇಲೆ ಹಾಡುವವಳು ಬೆರಳು ಚಿಟಿಕೆ ಹೊಡೆಯುತ್ತಾಳೆ, ಹಾಡು ಶುರು. ಹಾಡು ಮುಗಿದಾಗ ಎಲ್ಲರ ಮುಖದಲ್ಲೂ ನಗು.

ಏನು ಗತ್ತು! ಏನು ಗಾಂಭೀರ್ಯ! ದೊಡ್ಡ ಬ್ಯಾಂಡುಗಳು ಹೀಗೇ ಶುರುಮಾಡುತ್ತವೆ, ಮೊದಲ ಹಾಡಿನ ತನಕ ಡ್ರಮ್ಮಿನವನ ಜೊತೆ ಮಾತಾಡಬಾರದು ಎಂದು ನಾವು ತೀರ್ಮಾನಿಸಿದೆವು. ನಾನು ಆ ಮೌನವನ್ನು ಅಳೆದೆ: ನಾಲ್ಕು ನಿಮಿಷ ಐವತ್ತು ಸೆಕೆಂಡು. ಐದು ನಿಮಿಷವೆಂದು ನಿಯಮ ಮಾಡಿದೆ. ಶುಕ್ರವಾರ ಜುಮ್ಮಾ ಮುಗಿಸಿ, ಊಟ ಮಾಡಿ ಅಶ್ಫಾಕ್ ಮೂರೂವರೆಗೆ ಬರುತ್ತಿದ್ದ. ಗೇಟು ತೆಗೆಯುವ ಸದ್ದಾದ ಕೂಡಲೇ ನಾವು ಮೂವರೂ ಮುಖ ಗಂಟಿಕ್ಕಿ ಬೇರೆ ಬೇರೆ ದಿಕ್ಕು ನೋಡುತ್ತಿದ್ದೆವು. ಅವನು ಬಂದು ಕೂರುತ್ತಿದ್ದ. ನಾನು ಗಡಿಯಾರ ಹಿಡಿಯುತ್ತಿದ್ದೆ. ಎದುರು ಮನೆಯ ಪಾಕಿಸ್ತಾನಿ ಅಜ್ಜ ಒಮ್ಮೆ ಅಮ್ಮನ ಹತ್ತಿರ ಬಂದು, ಮಕ್ಕಳ ನಡುವೆ ಏನೋ ದೊಡ್ಡ ಜಗಳವಾಗಿದೆ, ಸಮಾಧಾನ ಮಾಡಿಸಿ ಎಂದು ಹೇಳಿದ್ದರಂತೆ. ಆ ಬೀದಿಯಲ್ಲಿ ಸರಿಯಾಗಿ ಅರ್ಥಮಾಡಿಕೊಂಡವರು ಅವರೊಬ್ಬರೇ ಎಂದು ಈಗ ಅನಿಸುತ್ತದೆ.

ಹತ್ತೊಂಬತ್ತು ಶುಕ್ರವಾರ ಈ ಮೌನ ನಡೆಯಿತು. ಏಳು ಸಲ ಮುರಿಯಿತು. ದೀಕ್ಷಿತ್ ನಾಲ್ಕು ಸಲ, ನಗು ತಡೆಯಲಾರದೆ. ಲವೀಟಾ ಎರಡು ಸಲ, ಸೀನಿ.

“ಸೀನು ಮಾತಾಗ್ತದಾ ರಿಜಿಸ್ಟರ್?”

“ಬಾಯಿಂದ ಸದ್ದು ಬಂತಲ್ಲ.”

“ಮೂಗಿಂದ ಬಂದದ್ದು ಮಾರಾಯ!”

“ಎರಡೂ ಕಡೆಯಿಂದ ಬಂತು” ಎಂದು ಅಶ್ಫಾಕ್ ಸಾಕ್ಷಿ ಹೇಳಿದ. ಹಾಡು ಮುಗಿದ ಮೇಲೆ, ನಿಯಮದ ಪ್ರಕಾರ.

ಏಳನೆಯದು ಅಶ್ಫಾಕನದು. ಅವನದು ಅದೊಂದೇ.

ಆಗ ನಮ್ಮ ಮುಂದೆ ಇದ್ದದ್ದು ಕನ್ನಡ ಸಂಘದ ವಾರ್ಷಿಕೋತ್ಸವ. ಭರತನಾಟ್ಯಕ್ಕೂ ಫ್ಯಾನ್ಸಿ ಡ್ರೆಸ್ಸಿಗೂ ನಡುವೆ ನಮಗೆ ಏಳು ನಿಮಿಷ ಕೊಟ್ಟಿದ್ದರು. ಲವೀಟಾ ಬರೆದ ‘ಬಸ್ ನಂಬರ್ ಏಳು’ ಎಂಬ ಹಾಡು, ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ನಡುವೆ ‘ಬೇಗ ಬೇಗ’ ಎಂಬರ್ಥದ ಒಂದು ‘ಯಲ್ಲಾ ಯಲ್ಲಾ’. ಹಾಡಿನ ಪ್ರಾಣವಿದ್ದದ್ದು ಅಶ್ಫಾಕನ ಡ್ರಮ್ಮಿನಲ್ಲಿ. ಬಸ್ಸು ಹಂಪಿನ ಮೇಲೆ ಹಾರುವ ಸದ್ದನ್ನು ಅವನು ಎರಡೇ ಏಟಿನಲ್ಲಿ ತರುತ್ತಿದ್ದ. ಅದಕ್ಕೆ ಜನ ನಗುತ್ತಾರೆ, ಚಪ್ಪಾಳೆ ಬೀಳುತ್ತದೆ, ಮುಂದೆ ಒಂದು ದಿನ ಆ ತಾರಸಿಯ ಊರಿಗೆ ಹೋಗಿ ಆ ನೀಲಿ ಟ್ಯಾಂಕಿಯ ಪಕ್ಕ ನಿಂತು ಬಾರಿಸುತ್ತೇವೆ ಎಂದು ನಾವು ಮಾತಾಡಿಕೊಂಡಿದ್ದೆವು. ಅದನ್ನೂ ನಾನು ಬರೆದಿಟ್ಟಿದ್ದೇನೆ, ‘ಮಾಡಬೇಕಾದ ಕೆಲಸಗಳು’ ಎಂಬ ತಲೆಬರಹದ ಕೆಳಗೆ, ‘ಗಣಿತದ ಪುಸ್ತಕಕ್ಕೆ ಬೈಂಡು’ ಎಂಬುದರ ನಂತರ.

ವಾರ್ಷಿಕೋತ್ಸವ ಶುಕ್ರವಾರ. ಅದರ ಹಿಂದಿನ ಶುಕ್ರವಾರ ಅಶ್ಫಾಕ್ ಅಭ್ಯಾಸಕ್ಕೆ ಬಂದ, ಹಾಡು ಮುಗಿದದ್ದೇ ಹೊರಟುಹೋದ. ಭಾನುವಾರದಿಂದ ಶಾಲೆಗೆ ಬರಲಿಲ್ಲ. ಮನೆಯ ಫೋನು ಕಡಿದಿತ್ತು. ಬುಧವಾರ ದೀಕ್ಷಿತ್ ಸೈಕಲ್ ತುಳಿದು ಹೋಗಿ ನೋಡಿದರೆ ಬಾಗಿಲಿಗೆ ಬೀಗ, ಕಿಟಕಿಗೆ ಪರದೆಯೂ ಇಲ್ಲ. ಮರುದಿನ ಅವರೆಲ್ಲ ಊರಿಗೆ ವಿಮಾನ ಹತ್ತಿದರಂತೆ. ಅವನ ತಂದೆಯ ಕೆಲಸ ಹೋಗಿತ್ತು, ವೀಸಾ ರದ್ದಾಗಿತ್ತು ಎಂದು ನಮಗೆ ತಿಳಿದದ್ದು ಆಮೇಲೆ. ಅಷ್ಟು ದೊಡ್ಡ ಸುದ್ದಿ, ನಮಗೊಂದು ಮಾತಿಲ್ಲ.

ಸಂಘದ ವೇದಿಕೆಯ ಮೇಲೆ ನಾನು ಕೀಬೋರ್ಡಿನಲ್ಲೇ ಇರುವ ತಾಳದ ಬಟನ್ನು ಒತ್ತಿದೆ. ಅವಸರದಲ್ಲಿ ಪಕ್ಕದ್ದನ್ನು ಒತ್ತಿದ್ದೆ. ಬಸ್ ನಂಬರ್ ಏಳು ಮದುವೆಯ ಡಾನ್ಸಿನ ತಾಳಕ್ಕೆ ಹೊರಟಿತು. ಲವೀಟಾ ಮಧ್ಯದಲ್ಲಿ ಅತ್ತಳು. ಜನ ದಾಕ್ಷಿಣ್ಯಕ್ಕೆ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮಾಫಿ ಮುಷ್ಕಿಲ್ ಖಲಾಸ್. ಅಂದು ದಿನಚರಿಯಲ್ಲಿ ಒಂದೇ ಸಾಲು: ‘ಅ. ಹೇಳದೆ ಹೋದ.’

ಈ ಸಾಲನ್ನು ಹಿಡಿದುಕೊಂಡು ನಾನು ಹದಿನೈದು ವರ್ಷ ಕಳೆದೆ. ನಗಬೇಡಿ, ಹದಿನಾಲ್ಕರಲ್ಲಿ ಆದ ಗಾಯಕ್ಕೆ ಆಯುಷ್ಯ ಜಾಸ್ತಿ. ಅಶ್ಫಾಕ್ ಇಷ್ಟು ವರ್ಷಗಳಲ್ಲಿ ನನಗೆ ಮೂರು ಸಲ ಬರೆದ. ಎರಡು ಸಲ ಹುಟ್ಟುಹಬ್ಬಕ್ಕೆ, ಒಂದು ಸಲ ಅವನ ಮದುವೆಗೆ ಕರೆಯಲು. ಮೂರೂ ಬಂದ ದಿನ, ಗಂಟೆ, ನಿಮಿಷ ಬರೆದಿಟ್ಟೆ. ಉತ್ತರ ಬರೆಯಲಿಲ್ಲ. ಅವನು ಎರಡು ವರ್ಷದಿಂದ ಅಬುಧಾಬಿಯಲ್ಲಿ, ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನಲ್ಲಿ ಇದ್ದಾನೆಂದು ಲವೀಟಾ ಹೇಳಿದಾಗಲೂ ‘ಓಹೋ’ ಎಂದಿದ್ದೆ. ಕಾರಿನಲ್ಲಿ ಒಂದೂಕಾಲು ಗಂಟೆಯ ದಾರಿ.

ಪೆಟ್ಟಿಗೆಯಲ್ಲಿ ಡಿಸ್ಕ್ ಸಿಕ್ಕ ಮೇಲೆ ಅದರ ಹೆಸರೇನೆಂದು ತಿಳಿಯುವ ಆಸೆಯಾಯಿತು. ನಮ್ಮ ಆಫೀಸಿನಲ್ಲಿ ವಿಂಗ್ ಎಂಬ ಇಂಜಿನಿಯರ್ ಇದ್ದಾಳೆ, ಹಾಂಗ್‌ಕಾಂಗಿನವಳು. ಅವಳಿಗೆ ತೋರಿಸಬೇಕೆಂದು ನನ್ನ ಬಿಳಿ ಚೀಟಿಯನ್ನು ಉಗುರಿನಿಂದ ಕಿತ್ತೆ. ಚೀಟಿಯ ಜೊತೆ ಅದರಡಿಯ ಬಣ್ಣವೂ ಎದ್ದು ಬಂತು. ಚಿತ್ರದ ಹೆಸರು ನನ್ನ ಗೋಂದಿಗೆ ಅಂಟಿ ಪುಡಿಯಾಗಿತ್ತು. ಕೆಳಗಿನ ಅಂಚಿನಲ್ಲಿ ಒಂದೇ ಒಂದು ಅಕ್ಷರ ಉಳಿದಿತ್ತು.

ವಿಂಗ್ ಅದನ್ನು ಚಹಾದ ಲೋಟದ ಪಕ್ಕ ಇಟ್ಟುಕೊಂಡು ನೋಡಿದಳು. “ಇದು ‘ಕೆಳಗಿನದು’ ಅಂತ” ಎಂದಳು ಇಂಗ್ಲಿಷಿನಲ್ಲಿ.

“ಏನು ಕೆಳಗಿನದು?”

“ಕೆಳಗಿನ ಭಾಗ. ಎರಡನೇ ಅರ್ಧ. ನಮ್ಮಲ್ಲಿ ಆಗ ಒಂದು ಚಿತ್ರ ಎರಡು ಡಿಸ್ಕಿನಲ್ಲಿ ಬರುತ್ತಿತ್ತು. ಒಂದರ ಮೇಲೆ ‘ಮೇಲಿನದು’, ಇನ್ನೊಂದರ ಮೇಲೆ ‘ಕೆಳಗಿನದು’. ಮೇಲಿನದು ಎಲ್ಲಿ?”

“ಇದೇ ಪೂರ್ತಿ ಚಿತ್ರ. ನಾವು ಇಪ್ಪತ್ತಮೂರು ಸಲ ನೋಡಿದ್ದೇವೆ.”

“ಅರ್ಧ ಚಿತ್ರವನ್ನು ಇಪ್ಪತ್ತಮೂರು ಸಲ ನೋಡಿದ್ದೀರಿ” ಎಂದಳು ವಿಂಗ್. ಲಿಫ್ಟಿನ ಬಾಗಿಲು ಯಾಕೆ ಮುಚ್ಚುತ್ತಿಲ್ಲ ಎಂದು ವಿವರಿಸುವಾಗಿನದೇ ಶಾಂತ ಧ್ವನಿ.

ಅಂದು ಸಂಜೆ ನೇರ ಮಿರ್ದಿಫಿಗೆ ಹೋಗಿ ಹಂಚಿಕೆಯ ಪಟ್ಟಿ ಹುಡುಕಿ ತೆಗೆದೆ. ಹನ್ನೆರಡು, ನಾನು: ‘ಚೈನೀಸ್, ನಾಲ್ವರ ಬ್ಯಾಂಡು’. ಅದರ ಮೇಲಿನ ಸಾಲು, ಹನ್ನೊಂದು, ಅಶ್ಫಾಕ್: ‘ಚೈನೀಸ್, ಬಹುಶಃ ಕರಾಟೆ’. ಜೊತೆಗಿದ್ದ ಎರಡು ಡಿಸ್ಕನ್ನು ಇಸ್ಪೀಟಿನಂತೆ ಎರಡು ಮನೆಗೆ ಹಂಚಿದ ನ್ಯಾಯವಂತ ನಾನೇ. ಅದೇ ಪುಸ್ತಕದಲ್ಲಿ ಮುಂದೆ ತಿರುಗಿಸುತ್ತ ಅವನು ಕೊನೆಯ ಸಲ ಬಂದ ಶುಕ್ರವಾರದ ಪುಟಕ್ಕೆ ಬಂದೆ. ಬರೆದದ್ದು ಹೀಗಿದೆ:

‘ಮೌನ: ಐದು ನಿಮಿಷ. ಎರಡನೇ ನಿಮಿಷದಲ್ಲಿ ಅ. ಮಾತಾಡಲು ಬಾಯಿ ತೆರೆದ. ಗಡಿಯಾರ ತೋರಿಸಿದೆ. ಸುಮ್ಮನಾದ. ಅ. ತಪ್ಪು: ಒಂದು. ಹಾಡು: ನಾಲ್ಕು ನಿಮಿಷ ಹತ್ತು ಸೆಕೆಂಡು. ವಿಮಾನ: ಎರಡು. ಅ. ಬೇಗ ಹೋದ.’

ಆ ಸ್ಟೋರ್ ರೂಮಿನಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆ ಎಂಬುದಕ್ಕೆ ದಾಖಲೆ ಇಲ್ಲ. ಅವನು ಹೇಳದೆ ಹೋದನೋ, ಹೇಳಲು ಬಂದವನಿಗೆ ನಾನು ಗಡಿಯಾರ ತೋರಿಸಿದೆನೋ? ಹದಿನೈದು ವರ್ಷ ಅವನ ಹೆಸರಿನಲ್ಲಿ ಬರೆದುಕೊಂಡ ತಪ್ಪು ಯಾರದು? ಇದನ್ನು ಬಲ್ಲವನು ಒಬ್ಬನೇ, ಅವನ ಮೂರು ಪತ್ರಗಳಿಗೆ ನಾನು ಉತ್ತರ ಕೊಟ್ಟಿಲ್ಲ.

ಲವೀಟಾಗೆ ಫೋನ್ ಮಾಡಿ ನಂಬರು ಕೇಳಿದೆ.

“ಅಬ್ಬಾ, ಕಡೆಗೂ! ಒಂದು ಮಾತಾಡಿದ್ರೆ ನಿನ್ನ ಪುಸ್ತಕ ಹರಿದುಹೋಗ್ತಿತ್ತಾ? ಅವ ನಿನ್ನ ಬಗ್ಗೆ ಪ್ರತೀ ಸಲ ಕೇಳ್ತಾನೆ, ಗೊತ್ತುಂಟಾ?”

“ಎಷ್ಟು ಸಲ ಕೇಳಿದ?”

“ಥೂ, ನಿನ್ನ!” ಎಂದು ಅವಳು ಫೋನಿಟ್ಟಳು. ನಂಬರು ಮಾತ್ರ ಕಳಿಸಿದಳು.

ಹದಿನೈದು ವರ್ಷದ ನಂತರ ಗೆಳೆಯನಿಗೆ ಮೊದಲ ಮಾತು ಏನು ಬರೆಯಬೇಕು? ಏಳು ಸಲ ಬರೆದು ಅಳಿಸಿ, ಎಂಟನೇ ಸಲ ಹೀಗೆ ಕಳಿಸಿದೆ: ‘ಹನ್ನೊಂದನೇ ಡಿಸ್ಕ್ ನಿನ್ನ ಹತ್ತಿರ ಉಂಟಾ?’ ನಾಲ್ಕು ನಿಮಿಷಕ್ಕೆ ಉತ್ತರ ಬಂತು: ‘ಡಿಸ್ಕ್ ಇಲ್ಲ. ಕತೆ ಉಂಟು. ಶನಿವಾರ ಬಾ.’

ಕಳೆದ ಶನಿವಾರ ಸಂಜೆ ನಾಲ್ಕಕ್ಕೆ ಅಲ್ ರೀಮಿನ ಅವನ ಫ್ಲಾಟಿನ ಬೆಲ್ಲು ಒತ್ತಿದೆ. ಇಪ್ಪತ್ತೆರಡನೇ ಮಹಡಿ, ಲಿಫ್ಟು ಹತ್ತೊಂಬತ್ತರಲ್ಲಿ ಒಮ್ಮೆ ಅನಗತ್ಯವಾಗಿ ನಿಂತಿತು. ಒಂದು ಕೈಯಲ್ಲಿ ಸ್ಟೋರ್ ರೂಮಿನ ಹಳೆಯ ಪ್ಲೇಯರು, ಇನ್ನೊಂದರಲ್ಲಿ ಡಿಸ್ಕ್ ಮತ್ತು ದಿನಚರಿ. ಬಾಗಿಲು ತೆಗೆದವನಿಗೆ ಗಡ್ಡ ಬಂದಿದೆ, ಹೊಟ್ಟೆ ಬಂದಿದೆ, ಕೈಬೆರಳು ಮಾತ್ರ ಇನ್ನೂ ಬಾಗಿಲಿನ ಚೌಕಟ್ಟಿನ ಮೇಲೆ ತಾಳ ಹಾಕುತ್ತಿದೆ.

“ಬಾ ರಿಜಿಸ್ಟರ್. ನಾಲ್ಕು ಅಂದ್ರೆ ನಾಲ್ಕೇ ಮಾರ್ರೆ ಇವ!” ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ.

ಅವಳು ಹೆಸರು ರುಮಾನಾ ಎಂದು ತಾನೇ ಹೇಳಿಕೊಂಡು ಚಹಾ, ಬಂಗುಡೆ ಕಟ್ಲೆಟ್ಟು ತಂದಿಟ್ಟಳು. ಐದು ವರ್ಷದ ಮಗಳು ಐಝಾ ಸೋಫಾದ ಹಿಂದಿನಿಂದ ನನ್ನನ್ನು ಪರೀಕ್ಷಿಸಿದಳು. ನಾನು ಹವೆಯ ಬಗ್ಗೆ, ದಾರಿಯ ಟ್ರಾಫಿಕ್ಕಿನ ಬಗ್ಗೆ ಮಾತಾಡಿದೆ. ಕೊನೆಗೆ ಅವನೇ ಶುರುಮಾಡಿದ.

“ಹನ್ನೊಂದನೇ ಡಿಸ್ಕ್ ನಾವು ಹಾಕಿಯೇ ಇರ್ಲಿಲ್ಲ. ಕರಾಟೆ ಅಂತ ನೀನೇ ಬರ್ದು ಕೊಟ್ಟಿದ್ದಿಯಲ್ಲ. ಸಾಮಾನು ಮಾರುವ ಮೊದಲು ಪ್ಲೇಯರ್ ಸರಿ ಉಂಟಾ ಅಂತ ನೋಡ್ಲಿಕ್ಕೆ ಒಂದು ಡಿಸ್ಕ್ ಬೇಕಿತ್ತು, ಕೈಗೆ ಸಿಕ್ಕಿದ್ದು ಅದು. ಹಾಕಿದ್ರೆ ಎಂತ? ಅದೇ ತಾರಸಿ, ಅದೇ ಟ್ಯಾಂಕಿ, ಅದೇ ನಾಲ್ಕು ಜನ! ನಾನು ಪೂರ್ತಿ ನೋಡ್ದೆ. ಆ ಡ್ರಮ್ಮಿನವ ಉಂಟಲ್ಲ, ಮೊದಲಿನ ಒಂದು ಸ್ಪರ್ಧೆಗೆ ಬಸ್ಸಲ್ಲಿ ಹೊರಟವ ನಿದ್ದೆ ಹೋಗಿ ಕಡೇ ಸ್ಟಾಪಿಗೆ ಹೋಗ್ತಾನೆ. ಇವರು ಮೂರು ಜನ ವೇದಿಕೆಯಲ್ಲಿ ನಿಂತು ಕಾದು ಕಾದು ಇಳಿದು ಬರ್ತಾರೆ. ಆಮೇಲೆ ಅವ ತಾರಸಿಗೆ ಬರುವಾಗ...”

“ಮಾತಾಡುವುದಿಲ್ಲ” ಎಂದೆ ನಾನು.

“ಕೋಪ ಮಾರಾಯ! ಅದು ಸ್ಟೈಲ್ ಅಲ್ಲ, ಕೋಪ! ನಾವು ಹತ್ತೊಂಬತ್ತು ವಾರ ಸುಮ್ಮನೆ ಕೋಪ ಮಾಡ್ಕೊಂಡು ಕೂತದ್ದು!”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ನಾನು ಕೇಳಿದೆ.

“ಕೊನೆಯ ಶುಕ್ರವಾರ ನೀನು ಎಂತದೋ ಹೇಳ್ಲಿಕ್ಕೆ ಹೊರಟಿದ್ದೆ. ನಾನು ವಾಚ್ ತೋರಿಸಿದೆ.”

ಅವನು ಚಹಾದ ಕಪ್ಪು ಕೆಳಗಿಟ್ಟ. “ನೆನಪುಂಟಾ ನಿನಗೆ?”

“ಬರ್ದಿದ್ದೇನೆ.”

“ಎರಡು ವಿಷಯ ಹೇಳ್ಲಿಕ್ಕಿತ್ತು. ಒಂದು, ಈ ಚಿತ್ರದ್ದು. ಇನ್ನೊಂದು, ನಾವು ಹೋಗ್ತಾ ಇದ್ದೇವೆ ಅಂತ. ಹೋಗುದನ್ನು ಯಾರಿಗೂ ಹೇಳ್ಬೇಡ ಅಂತ ಬಾಪ ಒಂದು ತಿಂಗಳಿಂದ ಹೇಳ್ತಾ ಇದ್ರು. ಕೆಲಸ ಹೋದದ್ದು ಅವರಿಗೆ ಮರ್ಯಾದೆಯ ಪ್ರಶ್ನೆ. ಅವತ್ತು ಒಂದು ದಿನಕ್ಕೆ ಬಿಟ್ರು. ಸರಿ, ಫ್ರೆಂಡ್ಸ್‌ಗೆ ಹೇಳಿ ಬಾ, ಹತ್ತು ನಿಮಿಷ ಅಂತ. ಕಾರು ಸ್ಟಾರ್ಟಲ್ಲೇ ಇಟ್ಟು ಹೊರಗೆ ಕೂತಿದ್ರು. ಮನೆ ಆವತ್ತೇ ಖಾಲಿ ಮಾಡ್ಲಿಕ್ಕಿತ್ತು, ಗುರುವಾರದವರೆಗೆ ಶಾರ್ಜಾದಲ್ಲಿ ಚಿಕ್ಕಪ್ಪನ ಮನೆ.”

“ಯಾವುದನ್ನು ಮೊದಲು ಹೇಳ್ಬೇಕು ಅಂತ ಇದ್ದೆ?”

“ಚಿತ್ರದ್ದು. ಹೋಗುದನ್ನು ಮೊದಲು ಹೇಳಿದ್ರೆ ಚಿತ್ರದ್ದು ಯಾರು ಕೇಳ್ತಾರೆ?”

ನಾನು ದಿನಚರಿಯ ಆ ಪುಟ ತೆಗೆದು ಅವನ ಮುಂದಿಟ್ಟೆ. ಅವನು ಬೆರಳಿಟ್ಟು ನಿಧಾನವಾಗಿ ಓದಿದ. ಐದು ನಿಮಿಷ ಮೌನ. ನಾಲ್ಕು ನಿಮಿಷ ಹತ್ತು ಸೆಕೆಂಡು ಹಾಡು. ಒಟ್ಟು ಒಂಬತ್ತು ನಿಮಿಷ ಹತ್ತು ಸೆಕೆಂಡು. ಹತ್ತರಲ್ಲಿ ಉಳಿದದ್ದು ಐವತ್ತು ಸೆಕೆಂಡು. ಅಷ್ಟರಲ್ಲಿ ಬಾಪ ಹಾರ್ನ್ ಹಾಕಿದರಂತೆ. ಈ ಕೂಡುವ ಕಳೆಯುವ ಲೆಕ್ಕ ನನಗೆ ಇಷ್ಟು ವರ್ಷ ಬರದೇ ಹೋಯಿತಲ್ಲ!

“ತಪ್ಪು: ಒಂದು” ಎಂದು ಅವನು ಕೊನೆಗೆ ಗಟ್ಟಿಯಾಗಿ ಓದಿದ. ಓದಿ ಪುಸ್ತಕ ಮುಚ್ಚಿದ. ನಾನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಅವನೂ ಸುಮ್ಮನೆ ಕೂತ. ಕಿಟಕಿಯಾಚೆ ಸಮುದ್ರದ ಮೇಲೆ ಬಿಸಿಲು ಹಳದಿಯಾಗುತ್ತಿತ್ತು.

ಐಝಾ ಸೋಫಾದ ಹಿಂದಿನಿಂದ ತಲೆಯೆತ್ತಿದಳು. “ಬಾಬಾ, ವೈ ಆರ್ ಯು ನಾಟ್ ಟಾಕಿಂಗ್? ಈಸ್ ಅಂಕಲ್ ಆಂಗ್ರಿ? ಆರ್ ಯು ಆಂಗ್ರಿ?”

ಅಶ್ಫಾಕ್ ತನ್ನ ಕೈಗಡಿಯಾರ ನೋಡಿಕೊಂಡ. ನಾನು ಹಿಡಿಯುತ್ತಿದ್ದ ಹಾಗೆಯೇ, ಮೊಣಕೈ ಎತ್ತಿ, ಹುಬ್ಬು ಗಂಟಿಕ್ಕಿ.

“ಕೋಪ ಅಲ್ಲ ಮಗಾ” ಎಂದ. “ಸ್ಟೈಲ್.”

ನಾನು ಪೆನ್ನು ತೆಗೆದು ‘ತಪ್ಪು: ಒಂದು’ ಎಂಬುದರ ಹಿಂದಿದ್ದ ಅವನ ಹೆಸರಿನ ಅಕ್ಷರ ಹೊಡೆದು ನನ್ನದು ಬರೆದೆ. ದಿನಚರಿಯಲ್ಲಿ ತಿದ್ದಿ ಬರೆದದ್ದು ಇದೇ ಮೊದಲು. ಅವನು ಬಗ್ಗಿ ನೋಡಿ, “ದಿನಾಂಕ ಹಾಕು” ಎಂದ.

ಆಮೇಲೆ ಪ್ಲೇಯರು ಜೋಡಿಸಿ ಡಿಸ್ಕ್ ಹಾಕಿದೆವು. ಅರ್ಥ ಗೊತ್ತಿದ್ದು ನೋಡಿದ್ದು ಇದೇ ಮೊದಲ ಸಲ. ಮೆಟ್ಟಿಲು ಹತ್ತಿ ಬರುವವನ ಮುಖದಲ್ಲಿ ಗತ್ತೆಲ್ಲಿತ್ತು? ಎಷ್ಟು ಅಳುಕು ಇತ್ತು! ಮುಖ ತಿರುಗಿಸಿ ಕೂತ ಮೂವರೂ ಒಳಗೊಳಗೇ ಅವನು ಬಂದನಲ್ಲ ಎಂದು ಹಗುರಾಗುತ್ತಿದ್ದರು. ಇಪ್ಪತ್ತಮೂರು ಸಲ ನೋಡಿದರೂ ನಾನು ಅವರ ಗಡಿಯಾರವನ್ನೇ ನೋಡಿದ್ದೆ. ನಲವತ್ತೊಂದನೇ ನಿಮಿಷ ಬಂತು. ವೇದಿಕೆ, ಕತ್ತಲು, ಎರಡು ಕೋಲು ಮೇಲೆ. ಚಿತ್ರ ನಿಂತಿತು.

“ದೆನ್ ವಾಟ್ ಹ್ಯಾಪನ್ಡ್?” ಎಂದಳು ಐಝಾ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹನ್ನೊಂದನೇ ಡಿಸ್ಕಿನ ಮೇಲಾದರೂ ಹೆಸರಿತ್ತು, ಆದರೆ ಅದು ಪ್ಲೇಯರಿನ ಹೊಟ್ಟೆಯಲ್ಲೇ ಉಳಿದು, ಪ್ಲೇಯರಿನ ಜೊತೆ ಯಾರಿಗೋ ಮಾರಿಹೋಯಿತಂತೆ.

ಹಾಗಾಗಿ ಕೇಳಿಕೊಳ್ಳುತ್ತಿದ್ದೇನೆ. ಚಿತ್ರದ ತುಣುಕನ್ನು ಫೋನಿನಲ್ಲಿ ಹಿಡಿದು ವಿಂಗ್‌ಗೆ ತೋರಿಸಿದೆ. ಭಾಷೆ ತನ್ನದೇ, ಚಿತ್ರ ಗೊತ್ತಿಲ್ಲ, ತನ್ನೂರಿನಲ್ಲಿ ತಾರಸಿಗಳೂ ಬ್ಯಾಂಡುಗಳೂ ಬೇಕಾದಷ್ಟಿವೆ ಎಂದಳು. ಇಂಟರ್‌ನೆಟ್ಟಿನಲ್ಲಿ ಮೂವತ್ತೊಂದು ಬಗೆಯಲ್ಲಿ ಹುಡುಕಿ ಸೋತಿದ್ದೇನೆ. ಗುರುತು ಇಷ್ಟು: ನೀಲಿ ನೀರಿನ ಟ್ಯಾಂಕಿ, ಎಡಗೈ ಗಿಟಾರಿನವನು, ಪೊರಕೆಯ ಕೋಲಿನ ಮುದುಕಿ, ಬಸ್ಸಿನಲ್ಲಿ ನಿದ್ದೆಹೋಗುವ ಡ್ರಮ್ಮಿನವನು. ನವೆಂಬರ್ ಇಪ್ಪತ್ತೆರಡರ ಶನಿವಾರ ಮೂರೂವರೆಗೆ ನಾವು ನಾಲ್ವರೂ ಮಿರ್ದಿಫಿನ ಆ ಕಾರ್ ಶೆಡ್ಡಿನಲ್ಲಿ ಸೇರುತ್ತಿದ್ದೇವೆ, ಕೀಲಿ ಕೊಡುವ ಮೊದಲು ಒಂದು ಸಲ ‘ಬಸ್ ನಂಬರ್ ಏಳು’ ಬಾರಿಸಲು. ದೀಕ್ಷಿತ್ ಗೋಡೆಯಲ್ಲಿದ್ದ ಗಿಟಾರು ಇಳಿಸಿದ್ದಾನೆ. ಅಶ್ಫಾಕ್ ಅಬುಧಾಬಿಯಿಂದ ಬಸ್ಸಿನಲ್ಲಿ ಬರುತ್ತೇನೆ ಎಂದಾಗ ಲವೀಟಾ ಬೇಡವೇ ಬೇಡ, ಕಾರಿನಲ್ಲೇ ಬಾ ಎಂದು ಬೈದಿದ್ದಾಳೆ.

ಆ ಕೋಲುಗಳು ಇಳಿದವೇ, ಅವರು ಹಾಡಿದರೇ ಎಂದು ಬಲ್ಲವರು ಯಾರಾದರೂ ಇದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ನನಗೆ ದಯವಿಟ್ಟು ಬರೆಯಿರಿ. ಗೆದ್ದರೋ ಸೋತರೋ ಯಾವುದಿದ್ದರೂ ಸರಿ. ಸರಿಯಾದ ಹೊತ್ತಿಗಾಗಿ ಕಾಯಬೇಡಿ, ಯಾವುದನ್ನು ಮೊದಲು ಹೇಳುವುದೆಂದು ಯೋಚಿಸುತ್ತ ಕೂರಬೇಡಿ. ನಡುವೆ ಬಾಯಿಹಾಕಿದ್ದಕ್ಕೆ ನಾನು ಈಗ ಯಾರ ಹೆಸರಿನ ಮುಂದೆಯೂ ಗುರುತು ಹಾಕುವುದಿಲ್ಲ.